ಪಡಿಯಚ್ಚಿನ ಪ್ರಾಮಾಣ್ಯ

ಮೂಲವಸ್ತುವನ್ನು ಕಾಣದೆ ಅದರ ಪ್ರತಿರೂಪವನ್ನಷ್ಟೇ ಕಂಡವನಿಗೆ ಉಂಟಾಗುವ ಅರಿವು ಮೂಲದ ಅರಿವೇ ಅಥವಾ ಪ್ರತಿರೂಪದ ಅರಿವು ಮಾತ್ರವೇ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಬಹುಕಾಲ ಕನ್ನಡಿಯನ್ನೂ ನೀರಿನಲ್ಲಿ ಬಿದ್ದ ಸೂರ್ಯನ ಬಿಂಬವನ್ನೂ ಮುಂದಿಟ್ಟುಕೊಂಡು ಚರ್ಚಿಸಿವೆ. ಅದೇ ಪ್ರಶ್ನೆ ಇಂದು ದರ್ಶನಗ್ರಂಥಗಳಿಗೆ ತೀರ ದೂರವೆಂದು ತೋರುವ ಒಂದು ಕೆಲಸದಲ್ಲಿ, ಎಂದರೆ ಲಕ್ಷಾಂತರ ವರ್ಷ ಹಳೆಯ ಹಲ್ಲುಗಳ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ಓದುವುದಕ್ಕಾಗಿ ಅವುಗಳ ನಿಖರವಾದ ಪಡಿಯಚ್ಚನ್ನು ತೆಗೆಯುವ ಕೆಲಸದಲ್ಲಿ, ದಿನನಿತ್ಯದ ಪ್ರಶ್ನೆಯಾಗಿ ನಿಂತಿದೆ. ಅಳಿದುಹೋದ ಜೀವಿಯೊಂದು ಏನನ್ನು ತಿಂದು ಬದುಕಿತ್ತು ಎಂಬುದರ ನಿರ್ಣಯ ಮೂಲ ಹಲ್ಲನ್ನಲ್ಲದೆ ರಾಳದಲ್ಲಿ ಎರಕಹೊಯ್ದ ಅದರ ಪ್ರತಿರೂಪವನ್ನೇ ನೋಡಿ ಆಗುವುದು ಹೆಚ್ಚಾದ್ದರಿಂದ, ಆ ಪ್ರತಿರೂಪಕ್ಕೆ ಪ್ರಾಮಾಣ್ಯ ಎಲ್ಲಿಂದ ಬರುತ್ತದೆ, ಅಂದರೆ ಅದರಿಂದ ಹುಟ್ಟಿದ ಅರಿವು ನಿಜವೆಂದು ನಂಬಲು ಆಧಾರವೇನು, ಎಂಬುದನ್ನು ವಿಚಾರಿಸದೆ ಮುಂದೆ ಹೋಗುವಂತಿಲ್ಲ.

ಹಲ್ಲಿನ ಹೊರಪದರವಾದ ಎನಾಮೆಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಶೇಕಡಾ 96ರಷ್ಟು ಅದು ಖನಿಜವೇ ಆಗಿದ್ದು, ಮುಖ್ಯವಾಗಿ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳಿಂದ ಕೂಡಿದೆ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಬಾಯಲ್ಲಿ ಮೂಡುವ ಹೊತ್ತಿಗೆ ಅಳಿದಿರುತ್ತವೆ. ಆದ್ದರಿಂದ ಮೂಳೆಯ ಹಾಗೆ ಎನಾಮೆಲ್ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳಲಾರದು. ಅಗಿಯುವಾಗ ಆಹಾರದಲ್ಲಿರುವ ಗಟ್ಟಿಕಣಗಳು ಅದರ ಮೇಲೆ ಎಳೆದ ಗೀರುಗಳು, ಒತ್ತಿ ಮಾಡಿದ ಕುಳಿಗಳು, ಮುಂದಿನ ಸವೆತ ಅವುಗಳನ್ನು ಉಜ್ಜಿಹಾಕುವವರೆಗೂ ಹಾಗೆಯೇ ಉಳಿಯುತ್ತವೆ. ಈ ಗುರುತುಗಳಿಗೆ ಸೂಕ್ಷ್ಮ ಸವೆತವೆಂದು ಹೆಸರು. ಅವುಗಳಲ್ಲಿ ಅನೇಕವುಗಳ ಅಗಲ ಕೆಲವೇ ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದ ಕೆಲವು ಭಾಗ.

ಮೂಲ ಹಲ್ಲನ್ನೇ ನೋಡಬಾರದೇಕೆ ಎಂಬ ಸಹಜವಾದ ಸಂದೇಹಕ್ಕೆ ಉತ್ತರ ವಸ್ತುವಿನ ಬೆಲೆಯಲ್ಲಿದೆ. ನೈರೋಬಿಯ ಅಥವಾ ಪ್ರಿಟೋರಿಯದ ಸಂಗ್ರಹಾಲಯದಲ್ಲಿರುವ ಪಳೆಯುಳಿಕೆಯನ್ನು ಬೇಕೆಂದಾಗ ಬೇರೆ ದೇಶಕ್ಕೆ ಒಯ್ಯಲಾಗದು. ಸಾಂಪ್ರದಾಯಿಕ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಮಾದರಿಯ ಮೇಲೆ ಮಿಲಿಮೀಟರಿನ ಲಕ್ಷದ ಒಂದೆರಡು ಭಾಗದಷ್ಟು ತೆಳುವಾದ ಚಿನ್ನದ ಲೇಪ ಕೊಟ್ಟು ಗಾಳಿಯಿಲ್ಲದ ಕೋಣೆಯಲ್ಲಿ ಇಡಬೇಕಾಗುತ್ತದೆ, ಇಡೀ ದವಡೆ ಆ ಕೋಣೆಯಲ್ಲಿ ಹಿಡಿಸದೆಯೂ ಇರಬಹುದು. ಬದುಕಿರುವ ಪ್ರಾಣಿಯ ಹಲ್ಲಿನ ವಿಷಯದಲ್ಲಂತೂ ಪಡಿಯಚ್ಚಲ್ಲದೆ ಬೇರೆ ದಾರಿಯೇ ಇಲ್ಲ.

ಕೆಲಸದ ಕ್ರಮ ಹೀಗಿದೆ. ಮೊದಲು ಹಲ್ಲಿನ ಮೇಲ್ಮೈಯನ್ನು ಆಲ್ಕೋಹಾಲಿನಲ್ಲಿ ಅಥವಾ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಮೃದುವಾಗಿ ಒರೆಸಿ, ಮಣ್ಣನ್ನೂ ಸಂಗ್ರಹಾಲಯದವರು ಹಿಂದೆಂದೋ ರಕ್ಷಣೆಗಾಗಿ ಹಚ್ಚಿದ್ದ ಅಂಟಿನ ಪೊರೆಯನ್ನೂ ತೆಗೆಯುತ್ತಾರೆ. ಆ ಪೊರೆ ಉಳಿದರೆ ಗೀರುಗಳು ಮುಚ್ಚಿಹೋಗುತ್ತವೆ, ಬಿರುಸಾಗಿ ಉಜ್ಜಿದರೆ ಹೊಸ ಗೀರುಗಳು ಹುಟ್ಟುತ್ತವೆ. ಒಣಗಿದ ಹಲ್ಲಿನ ಮೇಲೆ ಪಾಲಿವಿನೈಲ್ ಸಿಲಾಕ್ಸೇನ್ ಎಂಬ ಸಿಲಿಕೋನನ್ನು ಹರಿಯಬಿಡುತ್ತಾರೆ. ದಂತವೈದ್ಯರು ಕೃತಕ ಹಲ್ಲಿನ ಅಳತೆ ತೆಗೆಯಲು ಬಳಸುವ ಈ ವಸ್ತು ಎರಡು ಲೇಪಗಳು ಬೆರೆತ ಕೆಲವು ನಿಮಿಷಗಳಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಕುಗ್ಗುವುದು ಅತ್ಯಲ್ಪ. ಈ ಹಂತದಲ್ಲಿ ಕೈಗೆ ಲೇಟೆಕ್ಸ್ ಗವಸು ತೊಟ್ಟವರ ಅಚ್ಚು ಕೆಡುವುದುಂಟು, ಏಕೆಂದರೆ ಲೇಟೆಕ್ಸಿನಲ್ಲಿರುವ ಗಂಧಕದ ಸಂಯುಕ್ತಗಳು ಸಿಲಿಕೋನಿನೊಳಗಿನ ಪ್ಲಾಟಿನಂ ವೇಗವರ್ಧಕವನ್ನು ನಿಷ್ಕ್ರಿಯಗೊಳಿಸಿ ಮುಟ್ಟಿದ ಕಡೆ ಅಚ್ಚು ಗಟ್ಟಿಯಾಗದಂತೆ ಮಾಡುತ್ತವೆ. ಮೊದಲ ಅಚ್ಚನ್ನು ಅಳಿದುಳಿದ ಧೂಳನ್ನು ಎತ್ತಿಕೊಳ್ಳಲು ಮಾತ್ರ ಬಳಸಿ, ಎರಡನೆಯದನ್ನು ಅಧ್ಯಯನಕ್ಕೆ ಇಟ್ಟುಕೊಳ್ಳುವುದು ಅನೇಕರ ರೂಢಿ. ಬಳಿಕ ಅಚ್ಚಿನ ಸುತ್ತ ಗೋಡೆ ಕಟ್ಟಿ, ಎಪಾಕ್ಸಿ ರಾಳವನ್ನು ನಿಧಾನವಾಗಿ ಸುರಿದು, ಒಳಗೆ ಸಿಕ್ಕಿದ ಗಾಳಿ ಹೊರಬರಲೆಂದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಪೂರ್ತಿ ಗಟ್ಟಿಯಾದ ಮೇಲೆ ಬಿಡಿಸುತ್ತಾರೆ.

ಹಲ್ಲಿನಲ್ಲಿ ಕುಳಿಯಾಗಿದ್ದದ್ದು ಅಚ್ಚಿನಲ್ಲಿ ದಿಬ್ಬವಾಗಿ, ಎರಕದಲ್ಲಿ ಮತ್ತೆ ಕುಳಿಯಾಗುತ್ತದೆ. ಎರಡು ಸಲ ತಲೆಕೆಳಗಾದ ರೂಪ ಮೂಲಕ್ಕೆ ಮರಳುತ್ತದೆ. ಅರಿವಿನ ಸ್ವರೂಪವನ್ನು ವಿವರಿಸಲು ಶಂಕರಾಚಾರ್ಯರು ಉಪದೇಶಸಾಹಸ್ರಿಯಲ್ಲಿ ತಂದಿರುವ ದೃಷ್ಟಾಂತ ಇಂಥದೇ ಒಂದು ಎರಕದ್ದು ಎಂಬುದು ಗಮನಾರ್ಹ: ಮೂಸೆಯಲ್ಲಿ ಹೊಯ್ದ ಕರಗಿದ ತಾಮ್ರ ಮೂಸೆಯ ಆಕಾರವನ್ನೇ ತಳೆಯುವಂತೆ ಮನಸ್ಸು ತಾನು ವ್ಯಾಪಿಸಿದ ವಿಷಯದ ಆಕಾರವನ್ನು ತಳೆಯುತ್ತದೆ ಎಂಬುದು ಅದರ ತಾತ್ಪರ್ಯ, ಪಂಚದಶಿಯ ದ್ವೈತವಿವೇಕ ಪ್ರಕರಣವೂ ಅದನ್ನು ಎತ್ತಿಕೊಂಡಿದೆ. ಆ ದೃಷ್ಟಾಂತದಲ್ಲಿ ತಾಮ್ರ ಪೂರ್ತಿ ವಿಧೇಯ; ಮೂಸೆ ಕೊಟ್ಟ ಆಕಾರಕ್ಕೆ ತನ್ನದೇನನ್ನೂ ಅದು ಸೇರಿಸುವುದಿಲ್ಲ. ಎರಕದ ಕೆಲಸವನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಅಷ್ಟು ವಿಧೇಯವಾದ ದ್ರವ್ಯ ಯಾವುದೂ ಇಲ್ಲವೆಂಬುದು ಗೊತ್ತು, ಮತ್ತು ಪ್ರತಿರೂಪದ ತತ್ತ್ವವಿಚಾರ ನಿಜವಾಗಿ ಆರಂಭವಾಗುವುದು ದ್ರವ್ಯ ತನ್ನದನ್ನು ಸೇರಿಸುವ ಈ ಜಾಗದಲ್ಲೇ.

ಗಾಳಿಯ ಗುಳ್ಳೆಯೊಂದನ್ನೇ ತೆಗೆದುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಹಲ್ಲಿಗೂ ಸಿಲಿಕೋನಿಗೂ ನಡುವೆ ಗುಳ್ಳೆ ಸಿಕ್ಕಿಕೊಂಡರೆ ಅಚ್ಚಿನಲ್ಲಿ ಗುಂಡಿಯಾಗಿ, ಆ ಗುಂಡಿಯಲ್ಲಿ ರಾಳ ತುಂಬಿ, ಎರಕದ ಮೇಲೆ ನುಣುಪಾದ ಗುಂಡುಮಣಿಯೊಂದು ಎದ್ದು ನಿಲ್ಲುತ್ತದೆ. ಎನಾಮೆಲಿನ ಮೇಲೆ ಅಂಥ ಮಣಿ ಇರುವುದು ಸಾಧ್ಯವಿಲ್ಲವಾದ್ದರಿಂದ ಈ ದೋಷ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ, ನೋಡುವವನು ಮೋಸಹೋಗುವುದಿಲ್ಲ. ಗುಳ್ಳೆ ಸಿಲಿಕೋನಿಗೂ ರಾಳಕ್ಕೂ ನಡುವೆ ಸಿಕ್ಕಿಕೊಂಡಾಗಲಾದರೋ ಎರಕದ ಮೇಲೆ ಉಂಟಾಗುವುದು ಒಂದು ಕುಳಿ. ಅದು ಗಟ್ಟಿ ಬೀಜವನ್ನು ಕಡಿದಾಗ ಆಗುವ ಕುಳಿಯಂತೆಯೇ ತೋರಬಲ್ಲದು. ಮೊದಲನೆಯ ತಪ್ಪು ಸತ್ಯವನ್ನು ಮರೆಮಾಡುತ್ತದೆ ಅಷ್ಟೆ. ಎರಡನೆಯದು ಸತ್ಯದ ವೇಷ ತೊಡುತ್ತದೆ. ಪ್ರಮಾಣಶಾಸ್ತ್ರದ ದೃಷ್ಟಿಯಲ್ಲಿ ಇವೆರಡನ್ನೂ ಒಂದೇ ದೋಷವೆಂದು ಎಣಿಸುವಂತಿಲ್ಲ, ಏಕೆಂದರೆ ಅಜ್ಞಾನ ಬೇರೆ, ಭ್ರಮೆ ಬೇರೆ. ಕುಳಿಯ ಅಂಚು ಅತಿಯಾಗಿ ದುಂಡಗಿದೆಯೇ, ಅದೇ ಹಲ್ಲಿನ ಇನ್ನೊಂದು ಅಚ್ಚಿನಿಂದ ತೆಗೆದ ಎರಕದಲ್ಲೂ ಅದೇ ಜಾಗದಲ್ಲಿ ಅದು ಇದೆಯೇ ಎಂದು ನೋಡಿ ಮಾತ್ರ ಭ್ರಮೆಯನ್ನು ಕಳೆಯಬಹುದು.

ಹಾಗಾದರೆ ಎರಕವನ್ನು ನೋಡಿ ಹಲ್ಲನ್ನು ತಿಳಿಯುವುದು ಯಾವ ಪ್ರಮಾಣ? ನ್ಯಾಯದರ್ಶನದ ಮತದಲ್ಲಿ ಪ್ರತ್ಯಕ್ಷವೆಂದರೆ ಇಂದ್ರಿಯಕ್ಕೂ ವಿಷಯಕ್ಕೂ ಸಂಬಂಧ ಉಂಟಾಗಿ ಹುಟ್ಟುವ ಜ್ಞಾನ. ಇಲ್ಲಿ ಕಣ್ಣಿಗೆ ಸಂಬಂಧ ಬಂದಿರುವುದು ರಾಳದೊಂದಿಗೇ ಹೊರತು ಹಲ್ಲಿನೊಂದಿಗಲ್ಲ. ಆದ್ದರಿಂದ ರಾಳದ ಮೇಲಿನ ಗೀರಿನ ಅರಿವು ಪ್ರತ್ಯಕ್ಷ, ಹಲ್ಲಿನ ಮೇಲಿನ ಗೀರಿನ ಅರಿವು ಅನುಮಾನ, ಎಂದರೆ ಒಂದು ಗುರುತಿನ ಮೂಲಕ ಕಾಣದ್ದನ್ನು ತಿಳಿಯುವುದು, ಎಂದು ವಿಂಗಡಿಸಬೇಕಾಗುತ್ತದೆ. ಇದಕ್ಕೆ ಒಂದು ಮರುಮಾತು ಉಂಟು. ವಸ್ತು ಇದ್ದರೂ ಕಾಣದಿರಲು ಈಶ್ವರಕೃಷ್ಣನ ಸಾಂಖ್ಯಕಾರಿಕೆ ಎಂಟು ಕಾರಣಗಳನ್ನು ಎಣಿಸಿದೆ. ಅತಿ ದೂರ, ಅತಿ ಸಾಮೀಪ್ಯ, ಸೂಕ್ಷ್ಮತೆ, ನಡುವಿನ ಅಡ್ಡಿ, ತನ್ನಂಥವುಗಳಲ್ಲಿ ಬೆರೆತುಹೋಗುವುದು ಮೊದಲಾದವು ಅವುಗಳಲ್ಲಿವೆ. ಪ್ರತ್ಯಕ್ಷಕ್ಕೆ ಇಂದ್ರಿಯ ಮತ್ತು ವಿಷಯ ಎರಡೂ ದೋಷರಹಿತವಾಗಿರಬೇಕೆಂದು ಮಳಖೇಡದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಒತ್ತಿ ಹೇಳುವುದೂ ಇದೇ ಕಾರಣಕ್ಕೆ. ಮೂರು ಮೈಕ್ರಾನಿನ ಗೀರು ಬರಿಗಣ್ಣಿಗೆ ಎಂದೂ ವಿಷಯವಾಗದು. ಪಡಿಯಚ್ಚೂ ಸೂಕ್ಷ್ಮದರ್ಶಕವೂ ಸೇರಿ ದೂರ ಮತ್ತು ಸೂಕ್ಷ್ಮತೆಯೆಂಬ ಎರಡು ಅಡ್ಡಿಗಳನ್ನು ನೀಗಿಸುತ್ತವೆ ಎಂದಾದರೆ, ಅವನ್ನು ಕನ್ನಡಕದಂತೆ ಇಂದ್ರಿಯದ ನೆರವೆಂದೇ ಎಣಿಸಬಾರದೇಕೆ ಎಂದು ಕೇಳಬಹುದು. ಸೂಕ್ಷ್ಮದರ್ಶಕದ ಮಟ್ಟಿಗೆ ಈ ವಾದ ಸರಿಯಾಗಬಹುದು, ಏಕೆಂದರೆ ಅದರ ಮುಂದೆ ವಸ್ತು ಇದ್ದೇ ಇರುತ್ತದೆ. ಪಡಿಯಚ್ಚು ತಾನೇ ಒಂದು ವಸ್ತು, ತನ್ನದೇ ದ್ರವ್ಯವೂ ದೋಷವೂ ಉಳ್ಳದ್ದು. ಅದನ್ನು ಇಂದ್ರಿಯದ ಪಕ್ಕಕ್ಕೆ ಸೇರಿಸಿಬಿಟ್ಟರೆ ಆ ದೋಷಗಳು ಲೆಕ್ಕದಿಂದಲೇ ಜಾರಿಹೋಗುತ್ತವೆ. ಅನುಮಾನವೆಂದು ಒಪ್ಪಿಕೊಳ್ಳುವುದೇ ಹೆಚ್ಚು ಪ್ರಾಮಾಣಿಕವಾದ ನಿಲುವು.

ಬಿಂಬ ಮತ್ತು ಪ್ರತಿಬಿಂಬಗಳ ಬಗೆಗಿನ ವೇದಾಂತದ ಚರ್ಚೆ ಇಲ್ಲಿ ನೆರವಿಗೆ ಬರುತ್ತದೆ. ಅದ್ವೈತದ ವಿವರಣ ಪ್ರಸ್ಥಾನದವರ ಪ್ರಕಾರ ಕನ್ನಡಿಯಲ್ಲಿ ಕಾಣುವ ಮುಖ ಕತ್ತಿನ ಮೇಲಿರುವ ಮುಖವೇ ಹೊರತು ಬೇರೊಂದಲ್ಲ, ಅದು ಕನ್ನಡಿಯೊಳಗಿದೆ ಮತ್ತು ಬೇರೆಯಾಗಿದೆ ಎಂಬ ತೋರಿಕೆಯಷ್ಟೇ ಸುಳ್ಳು. ಆಭಾಸವಾದಿಗಳ ಪ್ರಕಾರ ಪ್ರತಿಬಿಂಬವೇ ಮಿಥ್ಯೆ. ಉಡುಪಿಯ ಮಧ್ವಾಚಾರ್ಯರ ಪರಂಪರೆ ಇವೆರಡನ್ನೂ ಒಪ್ಪದೆ, ಪ್ರತಿಬಿಂಬವು ಬಿಂಬಕ್ಕಿಂತ ಬೇರೆಯಾದದ್ದು, ನಿಜವಾದದ್ದು, ಬಿಂಬಕ್ಕೆ ಅಧೀನವಾಗಿದ್ದು ಅದನ್ನು ಹೋಲುವಂಥದ್ದು ಎಂದು ನಿರೂಪಿಸಿತು. ವ್ಯಾಸತೀರ್ಥರ ನ್ಯಾಯಾಮೃತ ಆ ಭೇದವನ್ನು ವಿಸ್ತಾರವಾಗಿ ಸಮರ್ಥಿಸಿದೆ. ಆ ಆಚಾರ್ಯರಿಗೆ ಮುಖ್ಯವಾಗಿದ್ದದ್ದು ಪರಮಾತ್ಮನಿಗೂ ಜೀವನಿಗೂ ಇರುವ ಸಂಬಂಧವೆಂಬುದನ್ನು ಮರೆತು ಅವರ ಮಾತನ್ನು ರಾಳದ ತುಣುಕಿಗೆ ಅನ್ವಯಿಸುವುದು ಉದ್ಧಟತನವಾದೀತು. ಆದರೂ ಪ್ರತಿರೂಪವೆಂಬುದರ ಲಕ್ಷಣವನ್ನು ಇಷ್ಟು ಖಚಿತವಾಗಿ ಬಿಡಿಸಿಟ್ಟ ವಿಚಾರ ಅಪರೂಪ. ಹಲ್ಲಿನ ಎರಕವನ್ನು ಹಲ್ಲೇ ಎಂದು ತಿಳಿದವನು ಗುಳ್ಳೆಯ ಕುಳಿಯನ್ನೂ ಆಹಾರದ ಗುರುತೆಂದು ಓದುತ್ತಾನೆ. ಬರಿಯ ಆಭಾಸವೆಂದು ತಳ್ಳಿದವನಿಗೆ ಓದಲು ಏನೂ ಉಳಿಯುವುದಿಲ್ಲ. ಬೇರೆಯೆಂದೂ ನಿಜವೆಂದೂ ಅಧೀನವೆಂದೂ ಒಟ್ಟಿಗೆ ಹಿಡಿದವನಿಗೆ ಮಾತ್ರ, ಎರಕದ ಯಾವ ಅಂಶ ಹಲ್ಲಿಗೆ ಅಧೀನ, ಯಾವುದು ಸಿಲಿಕೋನಿಗೆ, ಯಾವುದು ರಾಳಕ್ಕೆ ಎಂದು ಕೇಳುವ ಅವಕಾಶ ದೊರೆಯುತ್ತದೆ. ಹೋಲಿಕೆ ಇದರ ಫಲವೇ ಹೊರತು ಆಧಾರವಲ್ಲ. ಕುಶಲ ಶಿಲ್ಪಿಯೊಬ್ಬ ಹಲ್ಲನ್ನು ನೋಡಿ ಕೆತ್ತಿದ ಪ್ರತಿಕೃತಿ ಎಷ್ಟೇ ಹೋಲಲಿ, ಅದರ ಮೇಲಿನ ಗೀರು ಹಲ್ಲಿನ ಗೀರಿಗೆ ಸಾಕ್ಷಿಯಾಗದು.

ಒಂದು ಕಡೆ ಮಾತ್ರ ಈ ಅನ್ವಯ ನಿಲ್ಲುತ್ತದೆ. ಬಿಂಬ ಸರಿದರೆ ಕನ್ನಡಿಯ ಪ್ರತಿಬಿಂಬ ಉಳಿಯದು, ಜೀವನ ಅಧೀನತೆಯಂತೂ ದ್ವೈತದಲ್ಲಿ ಶಾಶ್ವತ. ಎರಕದ ಅಧೀನತೆ ಅದು ಹುಟ್ಟಿದ ಕ್ಷಣಕ್ಕೆ ಸಂಬಂಧಿಸಿದ್ದು, ಮೂಲ ಅಳಿದ ಮೇಲೂ ಎರಕ ಉಳಿಯಬಲ್ಲದು. ಚೀನಾದ ಝೌಕೌದಿಯನ್ನಿನಲ್ಲಿ ದೊರೆತ ಪೀಕಿಂಗ್ ಮಾನವನ ಅವಶೇಷಗಳಲ್ಲಿ ಬಹುಪಾಲು 1941ರಲ್ಲಿ ಯುದ್ಧದ ಗೊಂದಲದಲ್ಲಿ ಕಳೆದುಹೋದವು, ಉಳಿದದ್ದು ಅವುಗಳ ಅಚ್ಚೆರಕಗಳು, ಚಿತ್ರಗಳು ಮತ್ತು ಫ್ರಾಂಜ್ ವೈಡನ್‌ರೈಖ್ ಬರೆದ ವಿವರಣೆಗಳು. ತಲೆಬುರುಡೆಯ ಆಕಾರವನ್ನು ಇಂದಿಗೂ ಆ ಎರಕಗಳಿಂದ ಅರಿಯಬಹುದು. ಆದರೆ ಆ ಕಾಲದ ಎರಕಗಳು ಮೈಕ್ರಾನಿನ ವಿವರಕ್ಕಾಗಿ ಮಾಡಿದವಲ್ಲ. ಪ್ರತಿರೂಪ ತನ್ನನ್ನು ಮಾಡಿದವರು ಕೇಳಬಲ್ಲ ಪ್ರಶ್ನೆಗಳಿಗಷ್ಟೇ ಉತ್ತರವನ್ನು ಇಟ್ಟುಕೊಂಡಿರುತ್ತದೆ.

ದಂತವೈದ್ಯದ ಬಳಕೆಗೆಂದು ಇರುವ ಅಂತರರಾಷ್ಟ್ರೀಯ ಮಾನದಂಡ ತೆಳು ಸಿಲಿಕೋನಿನಿಂದ ಬಯಸುವುದು 20 ಮೈಕ್ರಾನ್ ಅಗಲದ ಗೆರೆ ಮೂಡಬೇಕೆಂಬುದನ್ನು. ಸೂಕ್ಷ್ಮ ಸವೆತದ ಅಧ್ಯಯನಕ್ಕೆ ಬೇಕಾದದ್ದು ಅದಕ್ಕಿಂತ ಎಷ್ಟೋ ಪಟ್ಟು ನವಿರಾದ ವಿವರ. ಬೇರೊಂದು ಉದ್ದೇಶಕ್ಕೆ ದೊರೆತ ಪ್ರಮಾಣಪತ್ರ ಈ ಉದ್ದೇಶಕ್ಕೆ ಸಲ್ಲದು. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಹಲವು ಅಚ್ಚುದ್ರವ್ಯಗಳನ್ನು ಮೂಲದೊಂದಿಗೆ ಹೋಲಿಸಿ ಅಳೆದು, ಅವೆಲ್ಲ ಒಂದೇ ಮಟ್ಟದ ನಿಖರತೆ ಕೊಡುವುದಿಲ್ಲವೆಂದೂ ಮಂದವಾದ ದ್ರವ್ಯಗಳು ಹಿಂದೆ ಬೀಳುತ್ತವೆಂದೂ ತೋರಿಸಿದರು. ಏಳನೆಯ ಶತಮಾನದ ಕುಮಾರಿಲಭಟ್ಟನ ಮತದಲ್ಲಿ ಜ್ಞಾನ ತಾನಾಗಿಯೇ ಪ್ರಮಾಣ. ಅದಕ್ಕೆ ವಿರುದ್ಧವಾದ ಜ್ಞಾನ ಹುಟ್ಟಿದಾಗ ಅಥವಾ ಅದರ ಕಾರಣದಲ್ಲಿ ದೋಷ ಕಂಡಾಗ ಮಾತ್ರ ಅದು ಬಿದ್ದುಹೋಗುತ್ತದೆ. ನೈಯಾಯಿಕರು ಹಾಗಲ್ಲ, ಪ್ರಾಮಾಣ್ಯವನ್ನು ಬೇರೆ ಪರೀಕ್ಷೆಯಿಂದ ಸ್ಥಾಪಿಸಬೇಕೆನ್ನುತ್ತಾರೆ. ಪಡಿಯಚ್ಚಿನ ವಿಷಯದಲ್ಲಿ ಇಬ್ಬರ ಮಾತಿಗೂ ಸ್ಥಾನವಿದೆ: ದ್ರವ್ಯವನ್ನೂ ವಿಧಾನವನ್ನೂ ನೈಯಾಯಿಕನಂತೆ ಮೊದಲೇ ಪರೀಕ್ಷಿಸದವನಿಗೆ, ಆಮೇಲೆ ಒಂದೊಂದು ಎರಕವನ್ನೂ ಮೀಮಾಂಸಕನಂತೆ ನಂಬಿ ಮುಂದುವರಿಯುವ ಅಧಿಕಾರವಿಲ್ಲ. ಎರಕ ಅಂಚೆಯಲ್ಲಿ ಬಂದದ್ದಾದರೆ ಮೂರನೆಯ ಪ್ರಮಾಣವೂ ಸೇರುತ್ತದೆ. ಇದು ಯಾವ ಹಲ್ಲು, ಯಾವ ದ್ರವ್ಯ, ಎಷ್ಟನೆಯ ಅಚ್ಚು ಎಂದು ಚೀಟಿಯಲ್ಲಿ ಬರೆದವನ ಮಾತು ಆಪ್ತವಾಕ್ಯ, ನಂಬಲರ್ಹನ ನುಡಿ, ಆಗಿರಲೇಬೇಕು.

ಹಲ್ಲಿನ ಗೀರಿನಿಂದ ಆಹಾರಕ್ಕೆ ಹೋಗುವುದು ಇನ್ನೊಂದು ಅನುಮಾನ. 1978ರಲ್ಲಿ ಅಲನ್ ವಾಕರ್, ಹೆಂಡ್ರಿಕ್ ಹೋಕ್ ಮತ್ತು ಲಿಂಡಾ ಪೆರೆಜ್ ಅವರು ಸೆರೆಂಗೆಟಿಯ ಬಂಡೆಗುಡ್ಡಗಳಲ್ಲಿ ಒಟ್ಟಿಗೇ ಬಾಳುವ ಎರಡು ಜಾತಿಯ ಹೈರಾಕ್ಸ್ ಎಂಬ ಸಣ್ಣ ಸಸ್ಯಾಹಾರಿಗಳ ಹಲ್ಲುಗಳನ್ನು ಹೋಲಿಸಿ, ಮಳೆಗಾಲದಲ್ಲಿ ಹುಲ್ಲು ಮೇಯುವ ಜಾತಿಯ ಹಲ್ಲಿನಲ್ಲಿ ನವಿರಾದ ಗೀರುಗಳಿರುತ್ತವೆಂದೂ, ಅದು ಬೇಸಗೆಯಲ್ಲಿ ಗಿಡದ ಸೊಪ್ಪಿಗೆ ತಿರುಗಿದಾಗ ಅವು ಅಳಿಯುತ್ತವೆಂದೂ ತೋರಿಸಿದರು. ಹುಲ್ಲಿದ್ದಾಗ ಗೀರು, ಇಲ್ಲದಾಗ ಇಲ್ಲ ಎಂಬ ಈ ಅನ್ವಯವ್ಯತಿರೇಕದಿಂದ ಹುಲ್ಲಿನೊಳಗಿನ ಸಿಲಿಕಾಕಣಗಳೇ ಗೀರಿಗೆ ಕಾರಣವೆಂಬ ವ್ಯಾಪ್ತಿ, ಎಂದರೆ ತಪ್ಪದ ಸಹಚಾರ, ಸಿದ್ಧವಾದಂತೆ ಕಂಡಿತು. ನ್ಯಾಯಶಾಸ್ತ್ರ ಇಂಥಲ್ಲಿ ಉಪಾಧಿಯನ್ನು ಹುಡುಕಲು ಹೇಳುತ್ತದೆ: ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಹಸಿ ಕಟ್ಟಿಗೆಯಿದ್ದರೆ ಮಾತ್ರ ಹೊಗೆ. ಮುಂದೆ ಸಸ್ಯದ ಸಿಲಿಕಾಕಣಗಳು ಎನಾಮೆಲಿಗಿಂತ ಮೃದುವೆಂದೂ ನಿಜವಾದ ಸವೆತ ಎಲೆಯ ಮೇಲೆ ಕೂತ ಕಲ್ಲುಧೂಳಿನದೆಂದೂ ಕೆಲವರು ವಾದಿಸಿದಾಗ, ಅವರು ತಿಳಿದೋ ತಿಳಿಯದೆಯೋ ಎತ್ತಿದ್ದು ಈ ಉಪಾಧಿಯನ್ನೇ. ಆ ವಿವಾದ ತೀರಿಲ್ಲ.

ಪೂರ್ವ ಆಫ್ರಿಕಾದ ಓಲ್ಡುವಾಯಿ ಕಣಿವೆಯಲ್ಲಿ 1959ರಲ್ಲಿ ಮೇರಿ ಲೀಕಿ ಕಂಡ ತಲೆಬುರುಡೆಯ ಕಥೆ ಈ ಸರಣಿಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ಕಾಣಿಸುತ್ತದೆ. ಪ್ಯಾರಾಂತ್ರೋಪಸ್ ಬೋಯ್ಸೈ ಎಂದು ಈಗ ಕರೆಯಲಾಗುವ ಆ ಜೀವಿಯ ಭಾರಿ ದವಡೆಹಲ್ಲುಗಳನ್ನು ನೋಡಿ ಅದು ಗಟ್ಟಿ ಕಾಯಿಬೀಜಗಳನ್ನು ಒಡೆಯುತ್ತಿತ್ತೆಂದು ನಂಬಲಾಗಿತ್ತು. 2008ರಲ್ಲಿ ಪೀಟರ್ ಉಂಗಾರ್, ಫ್ರೆಡರಿಕ್ ಗ್ರೈನ್ ಮತ್ತು ಮಾರ್ಕ್ ಟೀಫೋರ್ಡ್ ಅವರು ಆ ಜಾತಿಯ ಹಲ್ಲುಗಳ ಎರಕಗಳ ಮೇಲ್ಮೈಯನ್ನು ಮೂರು ಆಯಾಮಗಳಲ್ಲಿ ಅಳೆದಾಗ ಗಟ್ಟಿ ಬೀಜ ಕಡಿಯುವವುಗಳಲ್ಲಿ ಕಾಣುವ ಕುಳಿಗಳ ಒರಟು ಅಲ್ಲಿ ಇರಲಿಲ್ಲ. 2011ರಲ್ಲಿ ಎನಾಮೆಲಿನ ಇಂಗಾಲದ ಐಸೋಟೋಪುಗಳ ಪರೀಕ್ಷೆ, ಅದರ ಆಹಾರದ ಸುಮಾರು ಮುಕ್ಕಾಲು ಪಾಲು ಉಷ್ಣವಲಯದ ಹುಲ್ಲು ಅಥವಾ ಜೇಕಿನ ಬಳಗದಿಂದ ಬಂದದ್ದೆಂದು ಹೇಳಿತು. ತೀರ ಬೇರೆ ದಾರಿಯಿಂದ ಬಂದ ಅರಿವು ಎರಕದ ಅರಿವಿನೊಂದಿಗೆ ಕೂಡಿತು. ನೈಯಾಯಿಕರು ಬೇಡುವ ಸಂವಾದ ಇಂಥದು. ಹಾಗಿದ್ದೂ ಒಂದು ಎಚ್ಚರ ಬೇಕು. ಬದುಕಿರುವ ಕೋತಿಗಳ ಹಲ್ಲಿನ ಅಚ್ಚುಗಳನ್ನು ಮತ್ತೆ ಮತ್ತೆ ತೆಗೆದ ಟೀಫೋರ್ಡ್ ಮತ್ತು ಓಯನ್ ಅವರ 1989ರ ಅಧ್ಯಯನ ಗುರುತುಗಳು ದಿನಗಳಿಂದ ವಾರಗಳೊಳಗೆ ಬದಲಾಗುತ್ತವೆಂದು ತೋರಿಸಿತು; ವಿದ್ವಾಂಸರು ಇದನ್ನು ಕಡೆಯ ಊಟದ ಸಮಸ್ಯೆಯೆಂದು ಕರೆಯುತ್ತಾರೆ. ಎರಕ ಹಲ್ಲಿಗೆ ಎಷ್ಟೇ ನಿಷ್ಠವಾಗಿರಲಿ, ಹಲ್ಲು ತಾನೇ ಆ ಜೀವಿಯ ಬಾಳಿನ ಕೊನೆಯ ಕೆಲವು ದಿನ ಅಥವಾ ವಾರಗಳಿಗೆ ಮಾತ್ರ ನಿಷ್ಠವಾಗಿದೆ. ಬರಗಾಲದಲ್ಲಿ ಮಾತ್ರ ಬೀಜ ಒಡೆಯುತ್ತಿದ್ದ ಜೀವಿ ಸುಭಿಕ್ಷದಲ್ಲಿ ಸತ್ತಿದ್ದರೆ ಅದರ ಹಲ್ಲಿನಲ್ಲಿ ಬೀಜದ ಸುಳಿವೇ ಇರದು. ಇಲ್ಲಿ ಬಿಂಬವೆಂದು ಕರೆದದ್ದೇ ಇನ್ನೊಂದರ ಪ್ರತಿಬಿಂಬ, ಅದೂ ಅಳಿಯುತ್ತಲೇ ಇರುವಂಥದು.

ಪ್ರತಿರೂಪ ತೆಗೆಯುವ ಕ್ರಿಯೆ ಮೂಲವನ್ನು ಮುಟ್ಟದೆ ಬಿಡುವುದೂ ಇಲ್ಲ. ಕನ್ನಡಿ ಮುಖದಿಂದ ಏನನ್ನೂ ಒಯ್ಯುವುದಿಲ್ಲ, ಸಿಲಿಕೋನ್ ಒಯ್ಯುತ್ತದೆ. 1990ರಲ್ಲಿ ರಸೆಲ್ ಸಿಯೋಕಾನ್ ಮತ್ತು ಸಂಗಡಿಗರು ಜೈಗಾಂಟೋಪಿತೆಕಸ್ ಎಂಬ ಅಳಿದ ಮಹಾವಾನರದ ಹಲ್ಲುಗಳಿಗೆ ಅಂಟಿಕೊಂಡಿದ್ದ ಸಸ್ಯದ ಸಿಲಿಕಾಕಣಗಳನ್ನು ಗುರುತಿಸಿ ಅದು ಹುಲ್ಲನ್ನೂ ಹಣ್ಣನ್ನೂ ತಿನ್ನುತ್ತಿತ್ತೆಂದು ಹೇಳಿದರು. ಈಗ ಹಲ್ಲಿನ ಗಾರೆಯಿಂದ, ಎಂದರೆ ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಗೊಂಡ ಕೊಳೆಯಿಂದ, ಪ್ರಾಚೀನ ಆಹಾರದ ಕಣಗಳನ್ನು ಹೆಕ್ಕುವುದು ಬೆಳೆದ ಶಾಸ್ತ್ರವಾಗಿದೆ. ಹತ್ತಿಯಿಂದ ಒರೆಸಿ ತೆಗೆದದ್ದರಲ್ಲಿ, ಮೊದಲ ಅಚ್ಚು ಎತ್ತಿಕೊಂಡದ್ದರಲ್ಲಿ, ಇಂಥ ಕಣಗಳು ಎಷ್ಟಿದ್ದವೋ ಈಗ ಹೇಳಲಾಗದು. ಯಾವುದು ಕೊಳೆ, ಯಾವುದು ಸಾಕ್ಷ್ಯ ಎಂಬ ನಿರ್ಣಯ ಯಾವ ಪ್ರತ್ಯಕ್ಷಕ್ಕೂ ಮುಂಚೆಯೇ ಆಗಿಹೋಗಿರುತ್ತದೆ, ಮತ್ತು ಅದನ್ನು ಮಾಡುವವನ ಕೈಯಲ್ಲಿ ಮುಂದೆ ಬರುವವರ ಪ್ರಶ್ನೆಗಳೂ ಇರುತ್ತವೆ. ಆದಕಾರಣ ಗಾರೆಯ ಮಾದರಿಯನ್ನು ಅಚ್ಚಿಗಿಂತ ಮುಂಚೆ ತೆಗೆದಿಡುವುದು, ಒರೆಸಿದ ದ್ರವ ಯಾವುದೆಂದೂ ಹಲ್ಲು ಈವರೆಗೆ ಎಷ್ಟು ಅಚ್ಚುಗಳನ್ನು ಕಂಡಿದೆಯೆಂದೂ ಬರೆದಿಡುವುದು, ಎಸೆಯುವುದೆಂದು ರೂಢಿಯಾಗಿದ್ದ ಮೊದಲನೆಯ ಅಚ್ಚನ್ನು ಅದರ ಧೂಳಿನ ಸಮೇತ ಹೆಸರು ಬರೆದು ಕಾಪಿಡುವುದು, ಇವು ಆ ಕೆಲಸದ ಪೂರ್ವಸಿದ್ಧತೆಗಳಾಗಿರದೆ ಅದರ ಪ್ರಾಮಾಣ್ಯದ ಭಾಗವೇ ಆಗಿವೆ.